ಛತ್ರಿ ಸಾಹೇಬರ ಹಡಗು

ಛತ್ರಿ ಸಾಹೇಬರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಕಟ್ಟಡದ ಸಂಘದ ಸಭೆಯಲ್ಲಿ ಆ ಸಂಜೆ ಅವರು ಆಡಿದ ಮಾತಿನಲ್ಲೂ ಒಂದಕ್ಷರ ಸುಳ್ಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆಮೇಲೆ ನಡೆದದ್ದನ್ನು ಕೇಳಿದ ಜನ ಅವರನ್ನು ಎರಡನೆಯ ಅರ್ಥದಲ್ಲೂ ಛತ್ರಿ ಎಂದು ಕರೆಯತೊಡಗಿದರು.

ಅವರಿಗೆ ಆ ಹೆಸರು ಬಂದದ್ದು ಮೊದಲನೆಯ ಅರ್ಥದಲ್ಲಿ. ಬಸ್ ಡಿಪೋದ ಮೂಲೆಯಲ್ಲಿ, ಹಳೇ ಟಯರುಗಳ ರಾಶಿಯ ಪಕ್ಕದಲ್ಲಿ ಒಂದು ಕೋಣೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಇಳಿದುಹೋದ ವಸ್ತುಗಳನ್ನೆಲ್ಲ ಅಲ್ಲಿ ತಂದಿಡುತ್ತಿದ್ದರು. ಅದರ ಉಸ್ತುವಾರಿ ಸಾಹೇಬರದು. ಕನ್ನಡಕ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಹೀಗೆ ಏನೇನೋ ಬರುತ್ತಿದ್ದರೂ ಮುಕ್ಕಾಲು ಪಾಲು ಛತ್ರಿಗಳೇ. ಜನ ಕಿಂಡಿಗೆ ಬಂದು, "ಕಪ್ಪು ಬಣ್ಣ, ಮರದ ಹಿಡಿ, ಒಂದು ಕಡ್ಡಿ ಮುರಿದಿದೆ" ಎಂದು ಚಹರೆ ಹೇಳುವರು. ಸಿಕ್ಕಿತೋ, ಎದೆಗವಚಿಕೊಂಡು ಹೋಗುವರು. ಕಳೆದುಹೋದ ಛತ್ರಿ ಮರಳಿ ಸಿಕ್ಕಾಗ ಮನುಷ್ಯನ ಮುಖದಲ್ಲಿ ಉಕ್ಕುವ ಪ್ರೀತಿ ಸಾಮಾನ್ಯದ್ದಲ್ಲ. ಆ ಪ್ರೀತಿಯೆಲ್ಲ ಛತ್ರಿಗೇ ಹೋಗುತ್ತಿತ್ತು. ಅದನ್ನು ಎತ್ತಿಕೊಟ್ಟವರ ಮುಖ ಹೇಗಿದೆ ಎಂದು ನೋಡಿದವರು ಯಾರೂ ಇರಲಿಲ್ಲ.

ಮನೆಯಲ್ಲೂ ಮುಖ ನೋಡುವವರಿರಲಿಲ್ಲ. ಮದುವೆ ಎಂಬುದು ಇವತ್ತು ನಾಳೆ ಅನ್ನುತ್ತ ತಪ್ಪಿಹೋಗಿತ್ತು. ತಾಯಿ ಇರುವಷ್ಟು ದಿನ ಇಬ್ಬರು, ಅವರು ಹೋದಮೇಲೆ ಒಬ್ಬರು. ಒಬ್ಬಳೇ ಅಕ್ಕ ಬೇರೆ ಊರಿನಲ್ಲಿ ಗಂಡನೊಂದಿಗಿದ್ದಳು. ಎರಡನೆಯ ಮಹಡಿಯ ಆ ಎರಡು ಕೋಣೆಗಳಲ್ಲಿ ಸಾಹೇಬರು ಸಂಜೆ ಬಂದು ದೀಪ ಹಾಕಿದರೆ, ಆ ಗುಂಡಿಯ ಟಕ್ ಎನ್ನುವ ಸದ್ದೇ ದಿನದ ಮೊದಲ ಮಾತು.

ಎರಡನೆಯ ಮಾತು ಆಟದ್ದು. ಪ್ರಾಯದಲ್ಲಿ ಕೊಂಡ ಒಂದು ಹಳೇ ಕಂಪ್ಯೂಟರು ಅವರ ಬಳಿ ಇತ್ತು. ನೋಡಲು ಬರೀ ಕೀಲಿಮಣೆ. ಅದಕ್ಕೆ ಒಂದು ಪುಟ್ಟ ಟಿವಿ, ಒಂದು ಕ್ಯಾಸೆಟ್ ಪ್ಲೇಯರು ತಗಲಿಸಬೇಕು. ಕ್ಯಾಸೆಟ್ಟಿನಲ್ಲಿ ಒಂದೇ ಒಂದು ಆಟ. ಕಪ್ಪು ಆಕಾಶ, ಬಿಳೀ ಗೆರೆಗಳಲ್ಲಿ ಬರೆದ ಹಡಗು. ಒಂದು ಗ್ರಹದಲ್ಲಿ ದವಸ ತುಂಬಿಕೊಂಡು ಇನ್ನೊಂದರಲ್ಲಿ ಮಾರುವುದು, ಅಲ್ಲಿಂದ ಯಂತ್ರ ಹೇರಿಕೊಂಡು ಮತ್ತೊಂದಕ್ಕೆ ಹಾರುವುದು, ದಾರಿಯಲ್ಲಿ ದರೋಡೆಕೋರರು ಅಡ್ಡ ಬಂದರೆ ಗುಂಡು ಹಾರಿಸುವುದು. ಆಟಕ್ಕೆ ಮುಕ್ತಾಯ ಎಂಬುದೇ ಇರಲಿಲ್ಲ. ಸಾಹೇಬರ ಕೂದಲು ಕಪ್ಪಿದ್ದಾಗ ಹೊರಟ ಹಡಗು, ಕೂದಲು ಬೆಳ್ಳಗಾದರೂ ಇನ್ನೂ ತಿರುಗುತ್ತಲೇ ಇತ್ತು.

ಇನ್ನು ಸಭೆಯ ವಿಷಯ.

ಸಂಘಕ್ಕೆ ಹೊಸದಾಗಿ ಬಂದಿದ್ದ ಕಾರ್ಯದರ್ಶಿಗೆ ಉತ್ಸಾಹ ಜಾಸ್ತಿ. ನೀರಿನ ಟ್ಯಾಂಕು ಸೋರುವ ವಿಷಯ ಎತ್ತುವ ಮೊದಲು ಎಲ್ಲರೂ ತಮ್ಮ ಪರಿಚಯ ಹೇಳಿಕೊಳ್ಳಬೇಕೆಂದ. ಕೆಳಗಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ತಮ್ಮ ಪರಿಚಯವನ್ನು ಸಾಕಷ್ಟು ವಿಸ್ತಾರವಾಗಿ ಹೇಳಿಕೊಂಡರು. ಅವರ ಹೆಂಡತಿ, ಗಂಡ ಬಿಟ್ಟದ್ದನ್ನು ತುಂಬಿಸಿದರು. ಸಾಹೇಬರ ಸರದಿ ಬಂದಾಗ ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮ್ಯಾನೇಜರರೇ ಕೈಬೀಸಿ, "ಇವರು ಡಿಪೋದಲ್ಲಿ. ಛತ್ರಿ" ಎಂದು ಮುಗಿಸಿದರು. ಎಲ್ಲರ ಕಣ್ಣು ಆಗಲೇ ಪಕ್ಕದ ಕುರ್ಚಿಗೆ ಜಾರಿತ್ತು.

ಆಗ ಸಾಹೇಬರ ಬಾಯಿ ಅವರನ್ನು ಕೇಳದೆ ತೆರೆದುಕೊಂಡಿತು.

"ಸಂಜೆ ಹೊತ್ತು ಸ್ವಲ್ಪ ವ್ಯಾಪಾರಾನೂ ಮಾಡ್ತೀನಿ."

ಜಾರಿದ ಕಣ್ಣುಗಳೆಲ್ಲ ವಾಪಸು ಬಂದವು.

"ಏನು ವ್ಯಾಪಾರ?" ಎಂದರು ಮ್ಯಾನೇಜರರು.

"ಹೀಗೇ ಅಂತಿಲ್ಲ. ದವಸ, ಜವಳಿ, ಯಂತ್ರದ ಸಾಮಾನು. ಎಲ್ಲಿ ಏನು ಅಗ್ಗ ಇದೆಯೋ ಅದು."

"ಲಾರಿ ಇಟ್ಟಿದೀರಾ?"

"ಲಾರಿ ಹೋಗೋ ದಾರಿ ಅಲ್ಲ ಅದು. ಹಡಗು."

"ಯಾರ ಹಡಗು?"

ಇಲ್ಲಿ ಸಾಹೇಬರು ಒಂದು ನಗೆ ನಕ್ಕು, ಆಟದ ವಿಷಯ ಹೇಳಿ ಕೂತುಬಿಡಬಹುದಿತ್ತು. ಆದರೆ ಅಷ್ಟು ಜನ ಒಟ್ಟಿಗೆ ಅವರ ಮುಖ ನೋಡಿದ್ದು ತಾಯಿ ತೀರಿಕೊಂಡ ದಿನ ಬಿಟ್ಟರೆ ಇದೇ ಮೊದಲು.

"ನಂದೇ" ಎಂದರು.

ಟ್ಯಾಂಕು ಸೋರುವ ವಿಷಯ ಆ ದಿನ ಚರ್ಚೆಗೆ ಬರಲಿಲ್ಲ.

ಮ್ಯಾನೇಜರರು ನಂಬಲಿಲ್ಲ. ಬ್ಯಾಂಕಿನಲ್ಲಿದ್ದಷ್ಟು ಕಾಲ ಯಾರನ್ನೂ ನಂಬದೆಯೇ ಅವರು ಮೇಲೆ ಬಂದಿದ್ದರು. ಆದರೆ ಅವರ ಹೆಂಡತಿ ಮಾರನೆಯ ಸಂಜೆ ಬಟ್ಟೆ ತೆಗೆಯಲು ಹಿತ್ತಿಲಿಗೆ ಬಂದಾಗ, ಮೇಲಿನ ಕಿಟಕಿಯಿಂದ ಸಾಹೇಬರ ಮಾತು ಕೇಳಿಸಿತು. ಒಬ್ಬರೇ ಇರುವವರಿಗೆ ಗಟ್ಟಿಯಾಗಿ ಮಾತಾಡಿಕೊಳ್ಳುವ ಅಭ್ಯಾಸ ಬಂದುಬಿಡುತ್ತದೆ.

"ಬಾ ಮಗನೆ, ಬಾ. ಒಬ್ಬನೇ ಬಂದಿಯಾ? ಓಹೋ, ಹಿಂದೆ ಇನ್ನೊಬ್ಬ ಇದಾನೆ." ಏನೋ ಟಕಟಕ ಸದ್ದು. "ಒಬ್ಬ ಹೋದ." ಆಮೇಲೆ ಬಹಳ ನೊಂದ ದನಿ. "ಹೋಯ್ತು. ಅಷ್ಟೂ ದವಸ ಹೋಯ್ತು. ಇನ್ನು ನಾನೂ ಉಳಿಯಲ್ಲ."

ಆಕೆ ಒದ್ದೆ ಬಟ್ಟೆಯನ್ನೇ ಬಾಚಿಕೊಂಡು ಒಳಗೆ ಓಡಿದರು. ತಾಸಿನೊಳಗೆ ಸಾಹೇಬರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಆಕೆ ಮುಚ್ಚಿದ ಪಾತ್ರೆ ಹಿಡಿದು ನಿಂತಿದ್ದಾರೆ. ಪಾತ್ರೆಯಿಂದ ಬಿಸಿ ಹಬೆ ಬರುತ್ತಿದೆ.

"ಎಲ್ಲಾ ಕೇಳಿಸ್ತು" ಎಂದರು ಆಕೆ. "ನಷ್ಟ ಎಲ್ಲಾರಿಗೂ ಬರುತ್ತೆ. ಜೀವಕ್ಕೆ ಏನೂ ಮಾಡ್ಕೋಬೇಡಿ."

ಸಾಹೇಬರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಅಯ್ಯೋ, ಇಲ್ಲಮ್ಮ. ಅದು ನಿಜವಾದ ಹಡಗಲ್ಲ."

"ಬಾಡಿಗೆದಾ? ಆದ್ರೇನಂತೆ."

"ಹಾಗಲ್ಲ, ನಾನು ಹೇಳೋದು..."

"ಮೊದಲು ಊಟ ಮಾಡಿ. ಆರಿಹೋಗುತ್ತೆ."

ಇನ್ನೊಬ್ಬರ ಕೈಯ ಬಿಸಿ ಅಡುಗೆ ತಿಂದು ಸಾಹೇಬರಿಗೆ ಎಷ್ಟು ವರ್ಷವಾಗಿತ್ತೋ. ಮುಚ್ಚಳ ತೆಗೆದಾಗ ಕನ್ನಡಕಕ್ಕೆ ಹಬೆ ಕಟ್ಟಿತು. ಸತ್ಯ ಹೇಳುವುದಕ್ಕೆ ಹೊಟ್ಟೆ ಖಾಲಿ ಇರಬೇಕು ಅನ್ನಿಸುತ್ತದೆ. ತುಂಬಿದ ಮೇಲೆ ಅವರಿಗೆ ನಾಳೆ ಹೇಳಿದರಾಯಿತು ಎಂದು ತೋರಿತು.

ಆ ನಾಳೆ ಬರಲಿಲ್ಲ. ಸುದ್ದಿ ಕಟ್ಟಡ ದಾಟಿ ಬೀದಿಗೆ, ಬೀದಿಯಿಂದ ಡಿಪೋಗೆ ಹೋಯಿತು. ಡಿಪೋ ಅಧಿಕಾರಿ ಅಲ್ಲಿಯವರೆಗೆ ಸಾಹೇಬರನ್ನು "ರೀ" ಎಂದಷ್ಟೇ ಕರೆಯುತ್ತಿದ್ದವರು, ಖುದ್ದಾಗಿ ಕೋಣೆಗೆ ಬಂದು, ಛತ್ರಿಗಳ ನಡುವೆ ಜಾಗ ಮಾಡಿಕೊಂಡು ಕೂತರು.

"ದಾರೀಲಿ ಕಳ್ಳರ ಕಾಟ ಇದೆಯಂತೆ?"

"ಇದೆ ಸಾರ್. ನಿಲ್ದಾಣದ ಹತ್ತಿರ ಇರಲ್ಲ. ಮಧ್ಯದಲ್ಲಿ."

"ನೀವು ಹೊಡೆದಿದೀರಂತೆ?"

"ಅವರೇ ಮೊದಲು ಹೊಡೀತಾರೆ ಸಾರ್."

ಅಧಿಕಾರಿ ಬಹಳ ಹೊತ್ತು ಅವರನ್ನೇ ನೋಡಿ, ಎದ್ದುಹೋಗಿ, ಹಿಡಿ ಇರುವ ಒಂದು ಕುರ್ಚಿ ಕಳಿಸಿಕೊಟ್ಟರು. ಡ್ರೈವರುಗಳು ಬೀಡಿ ಮರೆಮಾಡಿಕೊಂಡು ನಮಸ್ಕಾರ ಹೇಳತೊಡಗಿದರು. ಬೆನ್ನ ಹಿಂದೆ ಮಾತ್ರ, "ನೋಡಕ್ಕೆ ಹಾಗಿದಾನೆ, ಛತ್ರಿ ಕಣಯ್ಯ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಸಾಹೇಬರು ಎಲ್ಲ ಪ್ರಶ್ನೆಗೂ ಪ್ರಾಮಾಣಿಕವಾಗಿ ಉತ್ತರಿಸುತ್ತಿದ್ದರು. ಅವರ ಹಡಗು ನೀರಿನ ಮೇಲೆ ಹೋಗುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ಅವರ ತಪ್ಪು ಅಂತ ಇದ್ದರೆ ಅಷ್ಟೇ.

ಅಷ್ಟರಲ್ಲಿ ಸುದ್ದಿ ಅಕ್ಕನ ಊರಿಗೂ ಮುಟ್ಟಿ, ಭಾವ ಬಂದಿಳಿದರು.

ಭಾವ ಹಲವು ವ್ಯಾಪಾರ ಕಂಡವರು. ಎಲ್ಲವನ್ನೂ ಮುಗಿಸಿದವರು. ಹೊಸ ಬ್ರೀಫ್‌ಕೇಸ್ ಹಿಡಿದು, ಹಿಂದೆ ಅಕ್ಕನನ್ನು ಕರೆದುಕೊಂಡು ಬಂದವರು ಚಪ್ಪಲಿ ಬಿಡುವ ಮೊದಲೇ ಒಂದು ವಿಸಿಟಿಂಗ್ ಕಾರ್ಡು ಕೊಟ್ಟರು. ಅದರಲ್ಲಿ ಅವರ ಹೆಸರು, ಕೆಳಗೆ "ಪಾಲುದಾರರು, ಹಡಗು ಸಾಗಣೆ" ಎಂದು ಅಚ್ಚಾಗಿತ್ತು.

"ಭಾವ, ಇದೇನು?"

"ಕಾರ್ಡು. ನಿನಗೂ ಮಾಡಿಸಿದೀನಿ. ಸ್ವಂತ ಅಕ್ಕನಿಗೆ ಹೇಳದೆ ಹಡಗು ಓಡಿಸ್ತೀಯ. ನಾನೇನಾದ್ರೂ ಅಂದ್ನಾ? ಅನ್ನಲಿಲ್ಲ. ನಾಳೆಯಿಂದ ನಾನು ಬಂದರಿನ ಕಡೆ ನೋಡ್ಕೋತೀನಿ."

"ಬಂದರಿಲ್ಲ ಭಾವ."

"ನೋಡಿದ್ಯಾ" ಎಂದು ಭಾವ ಹೆಂಡತಿಯ ಕಡೆ ತಿರುಗಿದರು. "ಬಂದರೇ ಇಲ್ಲದೆ ಇಷ್ಟು ಮಾಡಿದಾನೆ. ಇವನ ಜೊತೆ ಅನುಭವಸ್ಥ ಒಬ್ಬ ಇದ್ದಿದ್ರೆ ಎಲ್ಲಿರ್ತಿದ್ದ."

ಅಕ್ಕ ಮಾತಾಡುವ ಮೊದಲೇ ಭಾವನ ಮಾತು ಜಾಗವನ್ನೆಲ್ಲ ತುಂಬಿಬಿಡುತ್ತಿತ್ತು. ಆಕೆಗೆ ಅದು ರೂಢಿಯಾಗಿತ್ತು. ಒಳಗೆ ಹೋಗಿ ತಮ್ಮನ ಅಡುಗೆಮನೆಯ ಒಂಟಿ ತಟ್ಟೆ, ಒಂಟಿ ಲೋಟ ನೋಡಿ, ಸೆರಗಿನಿಂದ ಅವನ್ನು ಸುಮ್ಮನೆ ಒರೆಸುತ್ತ ನಿಂತಳು.

ಮೂರು ಜನ ಸೇರಿ ಊಟ ಮಾಡಿದರು. ಸಾಹೇಬರು ಎರಡು ಸಲ ಸತ್ಯ ಹೇಳಲು ಬಾಯಿ ತೆರೆದರು. ಎರಡು ಸಲವೂ ಭಾವ ಅದರೊಳಗೆ ಒಂದು ಹೊಸ ಯೋಜನೆ ಹಾಕಿ ಮುಚ್ಚಿದರು. ನಿಜ ಹೇಳಬೇಕೆಂದರೆ ಸಾಹೇಬರೂ ಅಷ್ಟೇನೂ ಒದ್ದಾಡಲಿಲ್ಲ. ಮನೆಯಲ್ಲಿ ಯಾರೋ ಗೊರಕೆ ಹೊಡೆಯುವುದು ಕೇಳಿ ಎಷ್ಟೋ ಕಾಲವಾಗಿತ್ತು.

ಮ್ಯಾನೇಜರರಿಗೆ ಮಾತ್ರ ಸಮಾಧಾನವಿರಲಿಲ್ಲ. ಮೇಲಿನ ಮನೆಗೆ ತಮ್ಮ ಮನೆಯ ಪಾತ್ರೆ ಹೋಗುವುದು, ತಮಗೆ ಆರಿದ ಅನ್ನ ಸಿಗುವುದು ಅವರಿಗೆ ಸರಿಬರಲಿಲ್ಲ. ಸುಂಕದ ಇಲಾಖೆಯಲ್ಲಿ ಅವರಿಗೆ ಪರಿಚಯದ ಅಧಿಕಾರಿಯೊಬ್ಬರಿದ್ದರು. ರಜೆಯ ದಿನ ಸಂಜೆ, ಭಾವ ಮಹಡಿ ಮೆಟ್ಟಿಲ ಮೇಲೆ ಕಾರ್ಡು ಹಂಚುತ್ತಿರುವಾಗಲೇ, ಆ ಅಧಿಕಾರಿ ಬಂದರು. ಹಿಂದೆ ಮ್ಯಾನೇಜರರು, ಅವರ ಹಿಂದೆ ಹೆಂಡತಿ, ಅವರ ಹಿಂದೆ ಕಾರ್ಯದರ್ಶಿ. ಸಾಹೇಬರ ಮುಂದಿನ ಕೋಣೆ ತುಂಬಿತು. ಕೂರಲು ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು.

ಅಧಿಕಾರಿ ಮೃದುವಾಗಿ ಮಾತಾಡುವ ಮನುಷ್ಯ. "ಹೆದರಬೇಡಿ. ಕೇಳಿದ್ದಕ್ಕೆ ಹೇಳಿ, ಸಾಕು. ಪರದೇಶಕ್ಕೆ ಸರಕು ಸಾಗಿಸ್ತೀರಾ?"

"ತುಂಬಾ ದೂರಕ್ಕೆ ಸಾರ್."

"ಸುಂಕ ಕಟ್ಟಿದೀರಾ?"

"ಅಲ್ಲಿ ಯಾರೂ ಕೇಳಲ್ಲ ಸಾರ್."

ಮ್ಯಾನೇಜರರು ಕಾರ್ಯದರ್ಶಿಯ ಮೊಣಕೈ ತಿವಿದರು.

"ನಿಷೇಧ ಇರೋ ಮಾಲು ಏನಾದ್ರೂ?"

ಸಾಹೇಬರು ತಲೆ ತಗ್ಗಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲ. "ಒಂದ್ಸಲ ಬಂದೂಕು ಹೇರಿದ್ದೆ. ಒಳ್ಳೆ ಲಾಭ ಅಂತ ಆಸೆ ಆಯ್ತು. ಪೊಲೀಸರು ಬೆನ್ನು ಹತ್ತಿದ್ರು. ಆಮೇಲೆ ಆ ಕಡೆ ಹೋಗಿಲ್ಲ."

ಭಾವ ಬ್ರೀಫ್‌ಕೇಸನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿ, "ನಾನು ಇವರ ನೆಂಟ ಅಷ್ಟೇ. ದೂರದ ನೆಂಟ" ಎಂದರು.

"ಹಡಗು ಈಗ ಎಲ್ಲಿದೆ?" ಎಂದರು ಅಧಿಕಾರಿ.

"ಇಲ್ಲೇ ಇದೆ ಸಾರ್. ತೋರಿಸ್ತೀನಿ."

ಸಾಹೇಬರು ಎದ್ದು, ಮೇಜಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದರು. ಟಿವಿ ಹಾಕಿದರು. ಕ್ಯಾಸೆಟ್ ಪ್ಲೇಯರಿನ ಗುಂಡಿ ಒತ್ತಿದರು. ತಗಡನ್ನು ಗರಗಸದಿಂದ ಕೊಯ್ಯುತ್ತಿರುವಂತೆ ಅದು ಕಿರುಚತೊಡಗಿತು.

"ಇದು ವೈರ್‌ಲೆಸ್ಸಾ?" ಎಂದು ಕಾರ್ಯದರ್ಶಿ ಪಿಸುಗುಟ್ಟಿದ.

"ಹಡಗು ಬರ್ತಾ ಇದೆ. ಸ್ವಲ್ಪ ಇರಿ" ಎಂದರು ಸಾಹೇಬರು.

ಎಲ್ಲರೂ ಇದ್ದರು. ಕಿರುಚಾಟ ಮುಂದುವರಿಯಿತು. ಮ್ಯಾನೇಜರರ ಹೆಂಡತಿ ಕಿವಿ ಮುಚ್ಚಿಕೊಂಡರು. ಅಧಿಕಾರಿ ಕೈಕಟ್ಟಿ ನಿಂತು, ಕೈ ಬಿಟ್ಟು, ಮತ್ತೆ ಕಟ್ಟಿದರು. ಇನ್ನೇನು ಮುಗಿಯಿತು ಅನ್ನುವಾಗ ಸದ್ದು ನಿಂತು, ಪರದೆಯ ಮೇಲೆ ಏನೋ ಒಂದು ಸಾಲು ಮೂಡಿತು.

"ಬಂತಾ?" ಎಂದರು ಮ್ಯಾನೇಜರರು.

"ಇಲ್ಲ. ಟೇಪು ತಪ್ಪಿಹೋಯ್ತು. ಮತ್ತೆ ಮೊದಲಿಂದ ಹಾಕಬೇಕು."

ಮತ್ತೆ ಮೊದಲಿಂದ ಹಾಕಿದರು. ಆ ಕೋಣೆಯಲ್ಲಿ ಅಷ್ಟು ಜನ ಅಷ್ಟು ಹೊತ್ತು ಅಷ್ಟು ಒಗ್ಗಟ್ಟಿನಿಂದ ಒಂದೇ ಕಡೆ ನೋಡುತ್ತ ನಿಂತದ್ದು ಹಿಂದೆ ನಡೆದಿಲ್ಲ, ಮುಂದೆಯೂ ನಡೆಯುವಂತಿಲ್ಲ. ಕೊನೆಗೆ ಪರದೆ ಕಪ್ಪಾಗಿ, ಅಲ್ಲಲ್ಲಿ ಬಿಳೀ ಚುಕ್ಕೆಗಳು ಕಾಣಿಸಿಕೊಂಡವು. ಚುಕ್ಕೆಗಳು ನಿಧಾನವಾಗಿ ಎದುರಿಗೆ ಬರತೊಡಗಿದವು.

"ಹಡಗೆಲ್ಲಿ?" ಎಂದರು ಅಧಿಕಾರಿ.

"ನಾವು ಅದರ ಒಳಗೇ ಇದೀವಿ ಸಾರ್."

ಮೊದಲು ನಕ್ಕದ್ದು ಕಾರ್ಯದರ್ಶಿ. ಆಮೇಲೆ ಮ್ಯಾನೇಜರರು ನಕ್ಕರು, ಬಹಳ ದಿನದ ಹಸಿವು ತೀರಿದವರಂತೆ. ಸುಂಕದ ಅಧಿಕಾರಿ ನಗಲಿಲ್ಲ. ಪರದೆಯ ಹತ್ತಿರ ಬಗ್ಗಿ ನೋಡಿ, "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂದು ಗಂಭೀರವಾಗಿ ಹೇಳಿ ಹೊರಟರು. ಮ್ಯಾನೇಜರರ ಹೆಂಡತಿ ಅಡುಗೆಮನೆಗೆ ಹೋಗಿ ತಮ್ಮ ಪಾತ್ರೆ ಹುಡುಕಿ ತಂದರು.

"ನಾನು ಆವತ್ತು ಅತ್ತಿದ್ದೆ" ಎಂದರು ಆಕೆ ಬಾಗಿಲಲ್ಲಿ. "ನಿಮ್ಮ ದವಸ ಹೋಯ್ತು ಅಂತ."

"ನನಗೂ ಬೇಜಾರಾಗಿತ್ತಮ್ಮ" ಎಂದರು ಸಾಹೇಬರು. ಅದೂ ನಿಜವೇ.

ಆಕೆ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಇಳಿದುಹೋದರು. ಭಾವ ಮಂಚದ ಕೆಳಗಿಂದ ಬ್ರೀಫ್‌ಕೇಸ್ ಎಳೆದು, ಧೂಳು ಕೊಡವಿ, "ಈ ವಯಸ್ಸಲ್ಲಿ ಆಟ ಆಡ್ತಾನಂತೆ ಆಟ" ಎಂದರು. "ಬಸ್ಸಿನಲ್ಲಿ ಜಾಗ ಇದೆಯಾ ಕೇಳ್ಕೊಂಡು ಬರ್ತೀನಿ. ನೀನು ಚೀಲ ಕಟ್ಟು" ಎಂದು ಅಕ್ಕನಿಗೆ ಹೇಳಿ ನಡೆದರು.

ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಟಿವಿಯಲ್ಲಿ ಚುಕ್ಕೆಗಳು ಬರುತ್ತಲೇ ಇದ್ದವು. ಅಕ್ಕ ಚೀಲ ಕಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು.

"ಇದರಲ್ಲಿ ಜನಾನೇ ಕಾಣಲ್ವಲ್ಲೋ."

"ಜನ ಇರ್ತಾರಕ್ಕ. ಒಬ್ಬೊಬ್ಬರು ಒಂದೊಂದು ಹಡಗಲ್ಲಿ. ಒಳಗಡೆ ಯಾರಿದಾರೆ ಅಂತ ಕಾಣಲ್ಲ ಅಷ್ಟೇ."

"ಈಗಿನ ಹುಡುಗರು ಮೊಬೈಲಲ್ಲಿ ಬಣ್ಣಬಣ್ಣದ್ದು ಆಡ್ತಾರಲ್ಲ. ಅದು ಬಿಟ್ಟು ಈ ಗೀರು ಹಾಕಿದ್ದನ್ನೇ ಯಾಕೆ ಹಿಡ್ಕೊಂಡು ಕೂತಿದೀಯ ಇಷ್ಟು ವರ್ಷ?"

ಸಾಹೇಬರು ಯೋಚಿಸಿದರು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

"ಅವೆಲ್ಲ ಪೂರ್ತಿ ತುಂಬಿಟ್ಟಿರ್ತಾರೆ, ಕೂರಕ್ಕೇ ಜಾಗ ಇರಲ್ಲ. ಇದರಲ್ಲಿ ಬರೀ ಗೆರೆ. ಮಿಕ್ಕಿದ್ದು ನಾವೇ ಅಂದ್ಕೋಬೇಕು. ಆ ಚುಕ್ಕೆ ಇದೆಯಲ್ಲ, ಅದು ರೈತರಿರೋ ಊರಂತೆ. ಇದು ಬಡವರ ಊರು. ನಾನು ಹೋದ್ರೆ ಬಾಗಿಲು ತೆಗೀತಾರೆ, ದವಸ ಇಳಿಸ್ಕೋತಾರೆ. ಯಾಕೆ ಬಂದೆ ಅಂತ ಕೇಳಲ್ಲ." ಬೆರಳನ್ನು ಇನ್ನೊಂದು ಚುಕ್ಕೆಗೆ ಸರಿಸಿದರು. "ಮತ್ತೆ, ಅಲ್ಲಿ ಎಲ್ಲಾರೂ ಒಬ್ಬೊಬ್ಬರೇ ಅಕ್ಕ. ಅದಕ್ಕೇ ನಾನೊಬ್ಬನೇ ಇರೋದು ಏನೋ ತಪ್ಪು ಮಾಡಿದೀನಿ ಅನ್ನೋ ಥರ ಕಾಣಲ್ಲ."

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಾನೂ ಒಂದ್ಸಲ ಓಡಿಸ್ಲಾ?" ಎಂದಳು.

ಸಾಹೇಬರು ಆಕೆಗೆ ಹೊಸ ಹಡಗು ಕೊಟ್ಟು, ಆಕೆಯ ಹೆಸರು ಬರೆದರು. ಹೆಸರಿನ ಕೆಳಗೆ ಒಂದು ಪದ ಮೂಡಿತು.

"ಅದೇನು ಬರೆದಿದೆ?"

"ನಿರುಪದ್ರವಿ ಅಂತ. ಹೊಸದಾಗಿ ಬಂದೋರಿಗೆಲ್ಲ ಅದೇ ದರ್ಜೆ."

"ಪರವಾಗಿಲ್ಲ. ನಿಮ್ಮ ಭಾವ ನನಗೆ ಇದಕ್ಕಿಂತ ಕಡಿಮೇದೇ ಅಂದಿದಾರೆ."

ಪರದೆಯ ಮೇಲೆ, ಹಡಗು ಇಳಿಯಬೇಕಾದ ನಿಲ್ದಾಣ ಬುಗುರಿಯಂತೆ ತಿರುಗುತ್ತಿತ್ತು. ಅದರ ಬಾಯಿ ಅಂಚೆಪೆಟ್ಟಿಗೆಯ ಸೀಳಿನಷ್ಟು. ಅದು ತಿರುಗಿದಂತೆ ಹಡಗನ್ನೂ ತಿರುಗಿಸುತ್ತ ಒಳನುಗ್ಗಬೇಕು. ಸಾಹೇಬರಿಗೇ ಕೈಹತ್ತಲು ಬಹಳ ಕಾಲ ಬೇಕಾಗಿತ್ತು. ಅಕ್ಕ ತುಟಿ ಕಚ್ಚಿ, ಕುರ್ಚಿಯಲ್ಲೇ ಮೈ ಓಲಿಸುತ್ತ, ನೇರವಾಗಿ ಹೋಗಿ ಗೋಡೆಗೆ ಗುದ್ದಿದಳು. ಹಡಗು ಚೂರುಚೂರಾಯಿತು.

"ಸತ್ತೆನಾ?"

"ಸತ್ತೆ."

"ಮತ್ತೆ ಹಾಕು."

ಭಾವ ಮೆಟ್ಟಿಲ ಕೆಳಗಿನಿಂದ ಕೂಗುವವರೆಗೆ ಅಕ್ಕ ಎಷ್ಟು ಸಲ ಸತ್ತಳೋ ಲೆಕ್ಕವಿಲ್ಲ. ಪ್ರತಿ ಸಲ ಸತ್ತಾಗಲೂ ಅವಳ ಮುಖ ಸ್ವಲ್ಪ ಸ್ವಲ್ಪ ಚಿಕ್ಕ ಹುಡುಗಿಯದಾಗುತ್ತಿತ್ತು.

ಅವರು ಹೋದಮೇಲೆ ಎಲ್ಲ ಬೇಗ ಬೇಗ ಮರಳಿ ತಮ್ಮ ಜಾಗಕ್ಕೆ ಬಂತು. ಹಿಡಿ ಇರುವ ಕುರ್ಚಿಯನ್ನು ಡಿಪೋ ಅಧಿಕಾರಿ ಯಾವುದೋ ಸಭೆಗೆ ಬೇಕೆಂದು ತರಿಸಿಕೊಂಡರು, ವಾಪಸು ಕಳಿಸಲಿಲ್ಲ. ಡ್ರೈವರುಗಳು ಒಂದಷ್ಟು ದಿನ, "ಸಾಹೇಬ್ರೆ, ಸಮುದ್ರ ಹೇಗಿದೆ?" ಎಂದು ಕೇಳಿ ನಗುತ್ತಿದ್ದರು. ಆಮೇಲೆ ಅದನ್ನು ಕೇಳುವುದನ್ನೂ ಬಿಟ್ಟರು. ಸಾಹೇಬರಿಗೆ ಇದು ಹೆಚ್ಚು ನೋವು ಕೊಟ್ಟಿತು. ಮ್ಯಾನೇಜರರ ಹೆಂಡತಿ ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಅಪರಿಚಿತರಿಗೆ ಬಿಡುವಂತೆ.

ಒಂದು ಭಾನುವಾರ ಮಧ್ಯಾಹ್ನ ಫೋನು ಬಂತು. ಅಕ್ಕನ ದನಿ ಬಹಳ ಮೆತ್ತಗಿತ್ತು.

"ನಿಮ್ಮ ಭಾವ ಮಲಗಿದಾರೆ. ನನ್ನ ಹಡಗು ಇದೆಯೇನೋ?"

"ಇದೆ. ಟೇಪಲ್ಲಿ ಹಾಕಿಟ್ಟಿದೀನಿ."

"ತೆಗಿ."

ಸಾಹೇಬರು ಟೇಪು ಹಾಕಿದರು. ಅದು ಕಿರುಚಿ ಮುಗಿಸುವವರೆಗೆ ಅಕ್ಕ ಆ ತುದಿಯಲ್ಲಿ ಕಾದಳು. ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಳೆಂದು ತೋರುತ್ತದೆ, ನಲ್ಲಿ ತೊಟ್ಟಿಕ್ಕುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

"ಈಗ ಎಲ್ಲಿದೀನಿ?"

"ನಿಲ್ದಾಣದಿಂದ ಹೊರಗೆ ಬಂದಿದೀಯ. ಬಲಗಡೆ ಹತ್ತಿರದಲ್ಲೇ ಒಂದು ಊರಿದೆ. ದವಸಕ್ಕೆ ಒಳ್ಳೆ ಬೆಲೆ. ಅಲ್ಲಿಗೆ ಹೋಗ್ಲಾ?"

"ಬೇಡ. ಅದಕ್ಕಿಂತ ದೂರ ಯಾವುದಿದೆ?"

"ಅದರಾಚೆ ಒಂದಿದೆ."

"ಅದಕ್ಕಿಂತ?"

ಸಾಹೇಬರು ನಕ್ಷೆ ನೋಡಿದರು. ಅಂಚಿನಲ್ಲಿ, ಸುತ್ತ ಬೇರೇನೂ ಇಲ್ಲದೆ, ಒಂದು ಚುಕ್ಕೆ ಇತ್ತು. ಇಷ್ಟು ವರ್ಷ ಆಡಿದರೂ ಅವರು ಅಲ್ಲಿಗೆ ಹೋಗಿರಲಿಲ್ಲ.

"ಒಂದಿದೆ. ಆದ್ರೆ ಅಲ್ಲಿಗೆ ಮುಟ್ಟೋ ಹೊತ್ತಿಗೆ ಇಂಧನ ಮುಗಿದಿರುತ್ತೆ. ಅಲ್ಲಿ ತುಂಬಿಸ್ಕೊಳಕ್ಕೆ ನಿಲ್ದಾಣ ಇಲ್ಲ. ವಾಪಸು ಬರಕ್ಕಾಗಲ್ಲ ಅಕ್ಕ."

ನಲ್ಲಿ ತೊಟ್ಟಿಕ್ಕಿತು.

"ಹೋಗು" ಎಂದಳು ಅಕ್ಕ.

ಸಾಹೇಬರು ಗುಂಡಿ ಒತ್ತಿದರು. ಪರದೆಯ ತುಂಬ ಬಿಳೀ ಬಳೆಗಳು ಒಂದರೊಳಗಿಂದ ಒಂದು ಬಿಚ್ಚಿಕೊಂಡು ಬಂದು, ನಿಂತವು. ಮತ್ತೆ ಕಪ್ಪು. ಯಾವ ಗೆರೆಯೂ ಇಲ್ಲ, ದೂರದಲ್ಲಿ ಒಂದು ಸೂರ್ಯ ಮಾತ್ರ.

"ಬಂದ್ವಿ."

"ಯಾರಾದ್ರೂ ಕಾಣಿಸ್ತಾರಾ?"

ಸಾಹೇಬರು ಮುಂದೆ ನೋಡಿದರು, ಹಿಂದೆ ನೋಡಿದರು, ಎರಡೂ ಪಕ್ಕ ನೋಡಿದರು. ಸುಳ್ಳು ಹೇಳಬಾರದಲ್ಲ.

"ಇಲ್ಲ. ಯಾರೂ ಇಲ್ಲ."

"ಒಳ್ಳೇದಾಯ್ತು" ಎಂದಳು ಅಕ್ಕ. ಒಂದು ಉದ್ದ ಉಸಿರು ಬಿಟ್ಟದ್ದು ಕೇಳಿಸಿತು. "ಸ್ವಲ್ಪ ಹೊತ್ತು ಹೀಗೇ ಇರೋಣ."

ಸಾಹೇಬರು ಕೀಲಿಮಣೆಯಿಂದ ಕೈ ತೆಗೆದು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಕುರ್ಚಿಗೆ ಒರಗಿದರು. ಹಡಗು ತನ್ನಷ್ಟಕ್ಕೆ ನಿಂತಿತ್ತು.